ಕೊಬ್ಬರಿ ಮಂಡಿಯಲ್ಲಿ ತೂಗಿದ ನರ್ಸಮ್ಮ

ಕಚೇರಿಯಲ್ಲಿ ಕೂತು ಊರವರ ಕಾಗದಪತ್ರ ಓದುವ ಗುಮಾಸ್ತರಿಗೆ ಒಂದು ಕಾಯಿಲೆ ಇರುತ್ತದೆ. ಇನ್ನೊಬ್ಬರ ಅರ್ಜಿಯಲ್ಲಿ ತಾರೀಖು ಒಂದು ಬೆರಳು ಆಚೆ ಬಿದ್ದಿದ್ದರೂ ಕಣ್ಣಿಗೆ ಕುಕ್ಕುತ್ತದೆ. ತಮ್ಮದೇ ಅಂಗಿ ಜೇಬಿನಲ್ಲಿ ತಿಂಗಳಿಂದ ಮಡಚಿಟ್ಟ ಚೀಟಿಯಲ್ಲಿ ಏನು ಬರೆದಿದೆ ಅಂತ ಕೇಳಿ, ಗೊತ್ತಿರುವುದಿಲ್ಲ. ನಾನು ಹೊಸದುರ್ಗದ ತಾಲ್ಲೂಕು ಕಚೇರಿಗೆ ಸೇರಿದ ನಾಲ್ಕನೇ ವರ್ಷಕ್ಕೇ ಈ ಕಾಯಿಲೆ ನನಗೆ ಅಂಟಿಕೊಂಡಿತು. ಅಂಟಿದ್ದು ನನಗೆ, ನರಳಿದ್ದು ಮಾತ್ರ ನನ್ನ ತಂಗಿ ಪಾರ್ವತಿ. ಎಪ್ಪತ್ತರ ದಶಕದ ಮಾತು. ಆಗವಳು ಎಸ್.ಎಸ್.ಎಲ್.ಸಿ. ಪಾಸು ಮಾಡಿ ಮನೆಯಲ್ಲಿದ್ದಳು. ನಮ್ಮ ಬೀದಿಯಲ್ಲಿ ಎಸ್.ಎಸ್.ಎಲ್.ಸಿ. ಆದ ಹುಡುಗಿಗೆ ಇದ್ದದ್ದು ಎರಡೇ ದಾರಿ. ಒಂದು ಟೀಚರ್ ಟ್ರೈನಿಂಗು, ಇನ್ನೊಂದು ಮದುವೆ. ಪಾರ್ವತಿ ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ, ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ, "ಅವ್ವಾ, ನಾನು ನರ್ಸ್ ಟ್ರೈನಿಂಗಿಗೆ ಹೋಗ್ತೀನಿ" ಅಂದುಬಿಟ್ಟಳು.

ಅವ್ವನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. "ಏನಂದೆ? ಕಂಡ ಕಂಡೋರ ಮೈ ಮುಟ್ಟೋ ಕೆಲಸಾನಾ?" ಎಂದಳು. "ಅಪ್ಪನ ಮೈ ಮುಟ್ಟಿದಾಗ ನೀನೇನೂ ಅನ್ನಲಿಲ್ವಲ್ಲ" ಅಂತ ಪಾರ್ವತಿ. "ಅವರು ನಿಮ್ಮಪ್ಪ ಕಣೇ!" "ಆಸ್ಪತ್ರೇಲಿ ಮಲಗಿರೋರೂ ಯಾರಿಗೋ ಅಪ್ಪನೇ ಅಲ್ವಾ?" ಅವ್ವ ಎಂದಿನಂತೆ ನನ್ನ ಕಡೆ ತಿರುಗಿ, "ಕೇಳಿದೇನಪ್ಪ ನಿನ್ನ ತಂಗಿ ಮಾತಾ? ಓದಿಸು ಓದಿಸು ಅಂತ ಕುಣಿದೆಯಲ್ಲ, ಈಗ ಅನುಭವಿಸು" ಎಂದಳು. ನಮ್ಮ ಮನೆಯಲ್ಲಿ ತಪ್ಪು ಯಾರೇ ಮಾಡಲಿ, ಅದು ಕೊನೆಗೆ ನನ್ನ ತಟ್ಟೆಗೇ ಬಂದು ಬೀಳುತ್ತದೆ.

ಅಪ್ಪನ ವಿಷಯ ಇಲ್ಲಿ ಹೇಳಲೇಬೇಕು. ಅದಕ್ಕೆ ಮೂರು ವರ್ಷ ಮುಂಚೆ ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಒಂದಷ್ಟು ದಿನ, ಆಮೇಲೆ ಮನೆಯಲ್ಲಿ ಎಂಟು ತಿಂಗಳು ಮಂಚದ ಮೇಲೆ. ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ನರ್ಸೊಬ್ಬರು ಪಾರ್ವತಿಗೆ ಒಂದು ಕೆಲಸ ಕಲಿಸಿಕೊಟ್ಟಿದ್ದರು. ಮಲಗಿದವರನ್ನು ಎತ್ತದೆ ದುಪ್ಪಟಿ ಬದಲಿಸುವುದು. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೇ ದುಪ್ಪಟಿಯನ್ನು ಬೆನ್ನಿನವರೆಗೆ ಸುರುಳಿ ಸುತ್ತಿ, ಹೊಸದನ್ನು ಅದರ ಪಕ್ಕಕ್ಕೇ ಅರ್ಧ ಹಾಸಿ, ಮತ್ತೆ ಈಚೆ ಮಗ್ಗುಲಿಗೆ ಹೊರಳಿಸಿ, ಹಳೇದನ್ನು ಎಳೆದು ಹೊಸದನ್ನು ಬಿಡಿಸಿಬಿಡುವುದು. ಒಂಬತ್ತನೇ ಕ್ಲಾಸಿನ ಹುಡುಗಿ ಎಂಟು ತಿಂಗಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ಮಾಡಿದಳು. ಅಪ್ಪ ಹೋಗುವಾಗ ಅವರ ಬೆನ್ನ ಮೇಲೆ ಒಂದೇ ಒಂದು ಹುಣ್ಣು ಇರಲಿಲ್ಲ. ನಾನೇನು ಮಾಡಿದೆ ಅಂತೀರಾ? ಬಾಗಿಲಲ್ಲಿ ನಿಂತು "ಏನಾದ್ರೂ ಬೇಕೇನಪ್ಪಾ" ಅಂತ ಕೇಳಿ, ಅವರು ಬೇಡ ಅನ್ನುವುದನ್ನೇ ಕಾದು ಕಚೇರಿಗೆ ಓಡುತ್ತಿದ್ದೆ. ಆ ಕೋಣೆಯ ವಾಸನೆ ನನಗೆ ಆಗುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಅಂಥವನು ತಂಗಿಗೆ ನರ್ಸ್ ಆಗಬೇಡ ಅಂತ ಯಾವ ಬಾಯಲ್ಲಿ ಹೇಳಲಿ?

ಸರಿ, ವಿಚಾರಿಸೋಣ ಅಂದೆ. ಪತ್ರಿಕೆಯಲ್ಲಿ ಬಂದಿದ್ದ ಜಾಹೀರಾತು ನೋಡಿ ತರಬೇತಿ ಶಾಲೆಯೊಂದಕ್ಕೆ ಕಾಗದ ಹಾಕಿದೆ. ಹದಿನೈದು ದಿನಕ್ಕೆ ಒಂದು ಪುಸ್ತಿಕೆ ಬಂತು, ಪೂರ್ತಿ ಇಂಗ್ಲಿಷಿನಲ್ಲಿ. ಅದನ್ನು ಅವ್ವನ ಮುಂದೆ ಓದಿ ಅರ್ಥ ಹೇಳುವ ಭಾರ ನನ್ನದಾಯಿತು. ಇಂಗ್ಲಿಷು ನನಗೆ ಬರುತ್ತಿತ್ತು, ಆದರೆ ಅದು ಕಂದಾಯದ ಇಂಗ್ಲಿಷು. ಮೂರೂವರೆ ವರ್ಷದ ಓದು, ಹಾಸ್ಟೆಲಿನಲ್ಲೇ ವಾಸ. ಮೊದಲ ಮೂರು ತಿಂಗಳು ಪರೀಕ್ಷಾರ್ಥ. ಅದರಲ್ಲಿ ದಾಟಿದರೆ ತಲೆಗೆ ಬಿಳಿ ಟೋಪಿ, ಇಲ್ಲದಿದ್ದರೆ ಕೈಗೆ ಟ್ರಂಕು. ಬೆಳಿಗ್ಗೆ ವಾರ್ಡಿನಲ್ಲಿ ಕೆಲಸ, ಮಧ್ಯಾಹ್ನ ಪಾಠ, ಕೊನೆಯ ಆರು ತಿಂಗಳು ಹೆರಿಗೆ ಕೆಲಸ. "ಪಾಠ ಅಂದ್ರೆ ಏನು ಪಾಠ?" ಅಂತ ಅವ್ವ ಕೇಳಿದಳು. ಅನಾಟಮಿ ಅಂತ ಇತ್ತು. ನಾನು ಗಂಟಲು ಸರಿಮಾಡಿಕೊಂಡು, "ಮನುಷ್ಯನ ಮೈಯಲ್ಲಿ ಎಲುಬು ಎಷ್ಟಿವೆ, ಎಲ್ಲೆಲ್ಲಿ ಇವೆ ಅಂತ ಎಣಿಸೋದು" ಎಂದೆ. ಅವ್ವ ಪಾರ್ವತಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇವಳನ್ನ ಬಿಸಿಲಲ್ಲಿ ನಿಲ್ಲಿಸಿದ್ರೆ ಇಲ್ಲೇ ಎಣಿಸಬಹುದು" ಎಂದಳು.

ಮಾತು ಕೆಟ್ಟದ್ದಾದರೂ ಸುಳ್ಳಲ್ಲ. ನಮ್ಮ ಪಾರ್ವತಿ ಅಷ್ಟು ತೆಳ್ಳಗಿದ್ದಳು. ಅದಕ್ಕೇ ಪುಸ್ತಿಕೆಯ ಕೊನೇ ಪುಟಕ್ಕೆ ಬಂದಾಗ ನಾನು ದನಿ ಇಳಿಸಿ ಓದಿದೆ. ಅಲ್ಲಿ ಷರತ್ತುಗಳಿದ್ದವು. ಎಸ್.ಎಸ್.ಎಲ್.ಸಿ. ಪಾಸಾಗಿರಬೇಕು, ಆಗಿದೆ. ನಡತೆ ಪತ್ರ ಬೇಕು, ಹೆಡ್‌ಮಾಸ್ಟರು ಕೊಡುತ್ತಾರೆ. ತರಬೇತಿ ಮುಗಿಯುವವರೆಗೆ ಮದುವೆಯಾಗಕೂಡದು. ತೂಕ ನಲವತ್ತು ಕೆ.ಜಿ.ಗೆ ಕಡಿಮೆ ಇರಕೂಡದು. ಕೊನೆಯ ಎರಡರಲ್ಲಿ ಒಂದು ನನಗೆ ಏಟು, ಇನ್ನೊಂದು ಅವಳಿಗೆ. ನನಗೆ ಯಾಕೆ ಅಂದರೆ, ತಂಗಿಯ ಮದುವೆ ಆಗದೆ ಅಣ್ಣನ ಮದುವೆ ಇಲ್ಲ ಅಂತ ಅವ್ವನ ಕಾನೂನು. ಹೊಳಲ್ಕೆರೆಯಲ್ಲಿ ನನಗೊಂದು ಹುಡುಗಿಯನ್ನು ನೋಡಿಟ್ಟಿದ್ದರು. ಹೆಸರು ಬೇಡ, ಈಗ ಅವರು ಇನ್ನೊಬ್ಬರ ಮನೆ ಯಜಮಾನಿ. ಅವರ ಕಡೆಯವರು ಆರು ತಿಂಗಳು ಕಾಯುತ್ತೇವೆ ಅಂದಿದ್ದರು. ಮೂರೂವರೆ ವರ್ಷ ಯಾರು ಕಾಯುತ್ತಾರೆ? ಪಾರ್ವತಿಗೋ, ಹಿರಿಯೂರು ಕಡೆ ಆದಿವಾಲದಲ್ಲಿ ನಮ್ಮ ಸೋದರಮಾವನ ಮಗ ತಿಪ್ಪೇಶ ತಯಾರಾಗಿದ್ದ. ಹೊಲ ಇತ್ತು, ಕುರಿಮಂದೆ ಇತ್ತು, ಹುಡುಗ ಒಳ್ಳೆಯವನು. ಅವ್ವ ಕೊನೆಗೆ ತೀರ್ಪು ಕೊಟ್ಟಳು: "ಒಂದೇ ಒಂದು ಸಲ ಹೋಗಿ ಬರ್ಲಿ. ಸೀಟು ಸಿಗಲಿಲ್ಲ ಅಂದ್ರೆ ಬಾಯಿ ಮುಚ್ಕಂಡು ತಿಪ್ಪೇಶಿಗೆ ಕೊರಳು ಕೊಡಬೇಕು." ಪಾರ್ವತಿ "ಹ್ಞೂಂ" ಅಂದಳು. ಅವಳಿಗೆ ಇದ್ದದ್ದು ಅದೊಂದೇ ಸಲ. ನಾನು ಪೋಷಕರ ಜಾಗದಲ್ಲಿ ಸಹಿ ಹಾಕಿದೆ. ಹೊಳಲ್ಕೆರೆ ನೆನಪಾಗಿ ಸಹಿಯ ಬಾಲ ಸ್ವಲ್ಪ ಸೊಟ್ಟಗಾಯಿತು.

ಈಗ ತೂಕ ನೋಡಬೇಕು. ಎಲ್ಲಿ? ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ನೀವು ಸುಲಭವಾಗಿ ಹೇಳುತ್ತೀರಿ. ಮದುವೆಗೆ ಬಂದ ಹುಡುಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು ಅಂದರೆ, ಅವಳು ಇಳಿಯುವ ಮುಂಚೆ ಅವಳಿಗೆ ಇರುವ ಕಾಯಿಲೆಗಳ ಹೆಸರು ಊರಲ್ಲೆಲ್ಲ ತಯಾರಾಗಿರುತ್ತದೆ. ಯೋಚಿಸಿ ಯೋಚಿಸಿ ನನಗೆ ಹೊಳೆದದ್ದು ಖಾಸಿಂ ಸಾಬರ ಕೊಬ್ಬರಿ ಮಂಡಿ. ಹೊಸದುರ್ಗದಲ್ಲಿ ತೂಕ ಅಂದರೆ ಕೊಬ್ಬರಿ ತೂಕ. ಸಾಬರ ಮಂಡಿಯಲ್ಲಿ ಚೀಲ ನಿಲ್ಲಿಸಿ ತೂಗುವ ದೊಡ್ಡ ಕಾಟಾ ಇತ್ತು, ಕೆಳಗೆ ಹಲಗೆ, ಮೇಲೆ ಸರಿಸುವ ಗುಂಡು. ಅವರ ಅಜ್ಜ ತೂಗಿದ್ದೂ ಅಲ್ಲೇ, ಅಪ್ಪ ತೂಗಿದ್ದೂ ಅಲ್ಲೇ. ಖಾಸಿಂ ಸಾಬರು ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಕೊಬ್ಬರಿ ಚೀಲ ತೂಗಿ ತೂಗಿ, ತೂಕವನ್ನು ಬೀದಿ ಕೊನೆಗೆ ಕೇಳುವಂತೆ ಕೂಗಿ, ಚೀಟಿ ಬರೆದು ಕೊಡುತ್ತಿದ್ದರು. ನ್ಯಾಯವಂತರು. ಅವರ ಕಾಟಾ ಸುಳ್ಳು ಹೇಳಿತು ಅಂತ ಒಬ್ಬ ರೈತನೂ ಅಂದದ್ದಿಲ್ಲ.

"ಬರ್ರಿ ಗುಮಾಸ್ತ್ರೇ, ಕುಂತ್ಕಳ್ರಿ. ಬಾ ಬೇಟಿ" ಅಂತ ಕರೆದರು. ವಿಷಯ ಕೇಳಿ ಬಹಳ ಸಂತೋಷಪಟ್ಟರು. ಪಾರ್ವತಿ ಎರಡು ಕೊಬ್ಬರಿ ಚೀಲಗಳ ನಡುವೆ ಹಲಗೆ ಮೇಲೆ ನಿಂತಳು. ಸಾಬರು ಗುಂಡು ಸರಿಸಿದರು, ಕಣ್ಣು ಕಿರಿದು ಮಾಡಿದರು, ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದರು: "ಮೂವತ್ತೆಂಟೂ...!" ಚೀಟಿ ಬರೆದು ನನ್ನ ಕೈಗಿಟ್ಟರು. ನಾನದನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಕೂಗಿದ್ದು ಕಿವಿಗೆ ಬಿದ್ದಿತ್ತಲ್ಲ, ಓದುವುದೇನು? ಎರಡು ಕೆ.ಜಿ. ಕಡಿಮೆ, ಸಂದರ್ಶನಕ್ಕೆ ಕೈಯಲ್ಲಿ ಎರಡು ತಿಂಗಳು. ಸಾಬರು ಒಂದು ಬೊಗಸೆ ಕೊಬ್ಬರಿ, ಒಂದು ಬೊಗಸೆ ಉತ್ತುತ್ತೆ ಪಾರ್ವತಿಯ ಸೆರಗಿಗೆ ಸುರಿದು, "ದಿನಾ ತಿನ್ನು ಬೇಟಿ. ನರ್ಸಮ್ಮ ಆಗಿ ಬಂದು ಮೊದಲ ಸೂಜಿ ನನಗೇ ಚುಚ್ಚಬೇಕು, ಆತಾ?" ಎಂದರು.

ಆಮೇಲೆ ನಮ್ಮ ಮನೆಯಲ್ಲಿ ಶುರುವಾಯಿತು ನೋಡಿ ಉಣ್ಣಿಸುವ ಕಾರ್ಯಕ್ರಮ. ಬೆಳಿಗ್ಗೆ ಎದ್ದ ಕೂಡಲೆ ಹಾಲು, ಅದರ ಮೇಲೆ ಕೊಬ್ಬರಿ ಬೆಲ್ಲ, ಹತ್ತು ಗಂಟೆಗೆ ತುಪ್ಪ ಹಾಕಿದ ರೊಟ್ಟಿ, ಮಧ್ಯಾಹ್ನ ಎರಡು ಮುದ್ದೆ. ಅವ್ವ ನರ್ಸ್ ಕೆಲಸಕ್ಕೆ ವಿರೋಧವಾಗಿದ್ದರೂ ಉಣ್ಣಿಸುವುದಕ್ಕೆ ವಿರೋಧವಿರಲಿಲ್ಲ. ಸೀಟು ಸಿಗದಿದ್ದರೆ ಮದುವೆಗಾದರೂ ಮೈ ತುಂಬಿಕೊಂಡಿರಲಿ ಅಂತ ಅವಳ ಲೆಕ್ಕ. ಇದರ ನಡುವೆ ಆದಿವಾಲದಿಂದ ನಮ್ಮ ಮಾವ ಬಂದರು. ಸೊಸೆಯಾಗುವವಳು ಹಾಲು ಕುಡಿಯುತ್ತಾ ಕೂತಿದ್ದನ್ನು ಕಂಡು ಅವರ ಕಣ್ಣು ತುಂಬಿತು. "ಏನಕ್ಕಾ, ಈಗಿಂದ್ಲೇ ತಯಾರಿ ನಡೆಸೀಯಾ?" ಅಂದವರೇ, ಮುಂದಿನ ವಾರ ಒಂದು ಕೊಡ ತುಪ್ಪ, ಅದರ ಮುಂದಿನ ವಾರ ಮಾರಿಕಣಿವೆ ಮೀನು, ಆಮೇಲೆ ಒಂದು ಕುರಿ ತೊಡೆ ತಂದು ಇಳಿಸಿದರು. ಅವರ ಮನೆ ತುಂಬಬೇಕಾದ ಹುಡುಗಿ ಅವರ ತುಪ್ಪ ತಿಂದೇ ಅವರಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ ಅಂತ ಹೇಳುವ ಧೈರ್ಯ ಯಾರಿಗಿತ್ತು? ಅವ್ವ ಬಾಯಿ ಬಿಡಲಿಲ್ಲ. ನಾನಂತೂ ಮೀನು ತಿನ್ನುತ್ತಿದ್ದೆ.

ನಾನು ಯಾಕೆ ತಿನ್ನುತ್ತಿದ್ದೆ ಅಂದರೆ, ಪಾರ್ವತಿ ಅರ್ಧಕ್ಕೇ "ಸಾಕು ಅಣ್ಣಯ್ಯ, ಇನ್ನು ಆಗಲ್ಲ" ಅಂತ ತಟ್ಟೆ ಸರಿಸಿಬಿಡುತ್ತಿದ್ದಳು. ಅನ್ನ ಚೆಲ್ಲಬಾರದು ಅಂತ ಅಪ್ಪ ಕಲಿಸಿದ್ದರು. ಅವಳು ಬಿಟ್ಟ ಮುದ್ದೆ, ಅವಳು ಬಿಟ್ಟ ರೊಟ್ಟಿ, ಅವಳು ಒಲ್ಲೆ ಅಂದ ಹಾಲಿನ ಕೆನೆ, ಎಲ್ಲವನ್ನೂ ನಾನು ಕರ್ತವ್ಯ ಅಂತ ಮುಗಿಸುತ್ತಿದ್ದೆ. ಒಂದು ದಿನ ಕಚೇರಿಯಲ್ಲಿ ಕೆಳಗಿನ ಕಪಾಟಿನ ಫೈಲು ತೆಗೆಯಲು ಬಗ್ಗಿದಾಗ ಅಂಗಿಯ ಮೂರನೇ ಗುಂಡಿ ಹಾರಿಹೋಗಿ ಸಾಹೇಬರ ಶಾಯಿ ಕುಡಿಕೆಗೆ ಬಿತ್ತು. ಅದರ ಅರ್ಥ ನನಗೆ ಆಗ ಆಗಲಿಲ್ಲ. ದರ್ಜಿಯ ದಾರ ಕಳಪೆ ಅಂತ ಬೈದುಕೊಂಡೆ. ತಿಂಗಳಾದ ಮೇಲೆ ಮಂಡಿಗೆ ಹೋದೆವು. "ಮೂವತ್ತೆಂಟೂವರೇ...!" ಅಷ್ಟು ತುಪ್ಪಕ್ಕೆ ಅರ್ಧ ಕೆ.ಜಿ.! ಚೀಟಿ ಜೇಬಿಗೆ. ಸಂದರ್ಶನದ ಹಿಂದಿನ ದಿನ ಮತ್ತೆ ಹೋದೆವು. ಸಾಬರು ಈ ಸಲ ಬಿಸ್ಮಿಲ್ಲಾ ಅಂತಲೇ ಗುಂಡು ಮುಟ್ಟಿದರು. "ಮೂವತ್ತೊಂಬತ್ತೂ...!" ಕೂಗುವಾಗ ಅವರ ದನಿಯೂ ಇಳಿದಿತ್ತು. ಒಂದು ಕೆ.ಜಿ. ಕಡಿಮೆ. ಪಾರ್ವತಿ ಹಲಗೆಯಿಂದ ಇಳಿಯಲಿಲ್ಲ. ಇನ್ನೊಂದು ಸಲ ನೋಡ್ರಿ ಅಂದಳು. ಸಾಬರು ನೋಡಿದರು. ಅಷ್ಟೇ. ಅವಳು ಕೊನೆಗೆ ಇಳಿದು ಚಪ್ಪಲಿ ಮೆಟ್ಟಿಕೊಂಡು ಮನೆ ಕಡೆ ನಡೆದಳು. ಅಪ್ಪ ಹೋದಾಗಲೂ ಅವಳು ಅಷ್ಟು ನಿಧಾನ ನಡೆದದ್ದನ್ನು ನಾನು ನೋಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅಂಗಡಿ ಬೀದಿಯಲ್ಲಿ ಒಬ್ಬರ ಕೈಕಾಲು ಹಿಡಿದು ಒಂದು ಕೆ.ಜಿ.ಯ ಕಬ್ಬಿಣದ ತೂಕದ ಬಟ್ಟು ತಂದೆ. ಮನೆಗೆ ಬಂದು ಪಾರ್ವತಿಯ ಮುಂದಿಟ್ಟು, "ಇದನ್ನ ಸೊಂಟದಲ್ಲಿ ಸಿಕ್ಕಿಸ್ಕೋ. ಸೀರೆ ಒಳಗೆ ಯಾರಿಗೆ ಕಾಣುತ್ತೆ?" ಎಂದೆ. ಊರವರ ಸುಳ್ಳು ಅರ್ಜಿಗಳನ್ನು ತಳ್ಳಿಹಾಕುತ್ತಿದ್ದ ಗುಮಾಸ್ತ ನಾನು! ಅವಳು ಬಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. "ನಾಳೆ ವಾರ್ಡಿನಲ್ಲಿ ರೋಗೀನ ಹೊರಳಿಸೋಕೆ ಈ ಬಟ್ಟು ಬರುತ್ತಾ ಅಣ್ಣಯ್ಯ?" ಅಂದಳು. ನಾನು ಬಟ್ಟನ್ನು ಹಿಂದಕ್ಕೆ ಎಳೆದುಕೊಂಡೆ. ಅವಳು "ಇರ್ಲಿ ಕೊಡು" ಅಂತ ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಒಪ್ಪಿದಳು ಅಂತ ನಾನಂದುಕೊಂಡೆ.

ಸಂದರ್ಶನಕ್ಕೆ ಅಂತ ಬೆಳಗಿನ ಬಸ್ಸಿಗೆ ಜಿಲ್ಲಾ ಕೇಂದ್ರ ದುರ್ಗಕ್ಕೆ ಹೊರಟೆವು. ನನ್ನ ಮಡಿಲಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಹೊಸದುರ್ಗ ಬಿಟ್ಟಾಗಿನಿಂದ ಒಂದೊಂದಾಗಿ ಸುಲಿದು ಅವಳ ಕೈಗೆ ಕೊಟ್ಟೆ, "ತಿನ್ನು, ನೀರು ಕುಡಿ, ತಿನ್ನು" ಅಂತ. ಆರು ಹಣ್ಣು, ಎರಡು ಲೋಟ ನೀರು. ಹೊಳಲ್ಕೆರೆ ಇನ್ನೇನು ಬರಬೇಕು, ಪಾರ್ವತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲವನ್ನೂ ರಸ್ತೆಗೆ ಒಪ್ಪಿಸಿಬಿಟ್ಟಳು. ಹೊಳಲ್ಕೆರೆಯಲ್ಲಿ ಬಸ್ಸು ನಿಂತಿತು. ನಾನು ಆ ಬೀದಿಯ ಕಡೆ ಒಂದು ಸಲ ನೋಡಿದೆ. ಸೀಟು ಸಿಕ್ಕರೆ ನನ್ನ ಹುಡುಗಿ ಇಲ್ಲ, ಸಿಗದಿದ್ದರೆ ಇವಳ ಆಸೆ ಇಲ್ಲ, ನಡುವೆ ಆರು ಬಾಳೆಹಣ್ಣೂ ಹೋಯಿತು. ಉಳಿದ ಹಣ್ಣನ್ನು ಬೇಜಾರಿಗೆ ನಾನೇ ತಿಂದೆ.

ಸಂದರ್ಶನದ ಕಟ್ಟಡದ ಜಗಲಿಯಲ್ಲಿ ಹುಡುಗಿಯರ ಸಾಲು, ಪಕ್ಕದಲ್ಲಿ ಅಪ್ಪಂದಿರು, ಅಣ್ಣಂದಿರು. ಬಾಗಿಲ ಹತ್ತಿರ ಮುಳ್ಳು ತಿರುಗುವ ತೂಕದ ಯಂತ್ರ. ಪಾರ್ವತಿ ಕೈಚೀಲವನ್ನು ಬೆಂಚಿನ ಮೇಲಿಟ್ಟು ಹೋಗಿ ನಿಂತಳು. ತೂಗುವಾತ ಬಗ್ಗಿ ನೋಡಿ, "ನಲವತ್ತೆರಡು. ಮುಂದೆ ಬರ್ರಿ" ಎಂದ. ಈಗ ನೀವೇ ಹೇಳಿ, ಬುದ್ಧಿ ಇರುವವನು ಏನು ಮಾಡುತ್ತಾನೆ? ದೇವರು ದೊಡ್ಡವನು ಅಂತ ಸುಮ್ಮನಿರುತ್ತಾನೆ. ನನ್ನೊಳಗಿನ ಗುಮಾಸ್ತ ಸುಮ್ಮನಿರಲಿಲ್ಲ. ಎರಡು ಕಡೆಯ ಅಂಕಿ ತಾಳೆಯಾಗದಿದ್ದರೆ ಅವನಿಗೆ ಮೈಯೆಲ್ಲ ತುರಿಕೆ. "ಸ್ವಾಮಿ, ನಿಮ್ಮ ಯಂತ್ರ ಸರಿ ಇಲ್ಲ. ನಿನ್ನೆ ಸಂಜೆ ಮೂವತ್ತೊಂಬತ್ತೇ ಇದ್ದದ್ದು, ನನ್ನ ಹತ್ರ ದಾಖಲೆ ಐತೆ!" ಅಂತ ನನ್ನ ಬಾಯಿಂದಲೇ ಬಂದುಹೋಯಿತು. ಪಾರ್ವತಿ ನನ್ನನ್ನು ನೋಡಿದ ನೋಟ ನೆನೆದರೆ ಇವತ್ತಿಗೂ ಬೆವರುತ್ತೇನೆ.

ಗಲಾಟೆ ಕೇಳಿ ಒಳಗಿನಿಂದ ಮೇಟ್ರನ್ ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ, ಗಡಸು ದನಿ. "ರಾತ್ರಿ ಬೆಳಗಾಗೋದ್ರೊಳಗೆ ಮೂರು ಕೆ.ಜಿ. ಹೆಂಗಮ್ಮ ಏರ್ತು? ಸೀರೆ ಒಳಗೆ ಏನಾದ್ರೂ ಇಟ್ಕಂಡಿದ್ದೀಯಾ?" ಪಾರ್ವತಿ ನೆಟ್ಟಗೆ ಬೆಂಚಿಗೆ ಹೋಗಿ, ಕೈಚೀಲದಿಂದ ಬಟ್ಟನ್ನು ತೆಗೆದು ಯಂತ್ರದ ಪಕ್ಕದ ಮೇಜಿನ ಮೇಲೆ ಧಡ್ ಅಂತ ಇಟ್ಟಳು. "ಇಟ್ಕೊಳ್ಳೋಕೆ ಅಂತ ಅಣ್ಣಯ್ಯ ತಂದುಕೊಟ್ಟಿದ್ದು ಮೇಡಂ. ನಾನು ಇಟ್ಕೊಂಡಿಲ್ಲ. ಬೇಕಾದ್ರೆ ಒಳಗೆ ಕರ್ಕೊಂಡು ಹೋಗಿ ನೋಡ್ರಿ." ಜಗಲಿಯಲ್ಲಿದ್ದ ಅಪ್ಪಂದಿರೆಲ್ಲ ನನ್ನ ಕಡೆ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಅಂತ ಕಾದೆ. ದುರ್ಗದ ನೆಲ ಬರೀ ಬಂಡೆ, ಅದು ಬಿಡಲಿಲ್ಲ.

"ಅದೇನು ದಾಖಲೆ ಐತೆ ಅಂದ್ರಲ್ಲ, ಕೊಡ್ರಿ ಇಲ್ಲಿ" ಅಂದರು ಮೇಟ್ರನ್. ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಅವರು ಬಿಡಿಸಿ ಓದಿದರು. ಕನ್ನಡಕ ಮೇಲೆ ಸರಿಸಿ ಮತ್ತೊಮ್ಮೆ ಓದಿದರು. ಆಮೇಲೆ ಆ ಗಡಸು ಹೆಂಗಸು ಮೇಜು ಹಿಡಿದುಕೊಂಡು ನಗತೊಡಗಿತು. "ಎಲ್ರಿಗೂ ಕೇಳಂಗೆ ಓದ್ತೀನಿ, ಕೇಳ್ರಿ. ಸರಕು, ಗುಮಾಸ್ತ್ರ ತಂಗಿ. ಒಟ್ಟು, ನಲವತ್ತೆರಡು. ವಜಾ, ಮೂರು. ನಿವ್ವಳ, ಮೂವತ್ತೊಂಬತ್ತು! ಅಲ್ರೀ, ನಮ್ಮಪ್ಪನೂ ಮಂಡಿಗೆ ಕೊಬ್ಬರಿ ಹಾಕ್ತಿದ್ದ. ಚೀಲಕ್ಕೆ ಒಂದು, ಒಣಗಿಗೆ ಎರಡು ಕಳೆದು ನಿವ್ವಳ ಕೂಗ್ತಾರೆ. ನಿಮ್ಮ ತಂಗಿಗೆ ಚೀಲ ಯಾವ್ದು? ಇನ್ನೂ ಒಣಗೋಕೆ ಅವಳಲ್ಲಿ ಏನೈತೆ?"

ಮೂರು ಚೀಟಿಗಳನ್ನೂ ಬಿಡಿಸಿದೆ. ಮೊದಲ ದಿನವೇ ಒಟ್ಟು ನಲವತ್ತೊಂದು. ಅಂದರೆ ಪಾರ್ವತಿ ಮೊದಲಿನಿಂದಲೂ ಸರಿಯಾಗಿಯೇ ಇದ್ದಳು. ಎರಡು ತಿಂಗಳು ಅವಳಿಗೆ ಬಲವಂತದ ತುಪ್ಪ, ಹಿಂದಿನ ದಿನದ ಆ ನಡಿಗೆ, ಬಸ್ಸಿನ ಆ ವಾಂತಿ, ಎಲ್ಲಾ ನಾನು ಒಂದು ಚೀಟಿ ಬಿಡಿಸಿ ನೋಡದ ಪುಣ್ಯ. ಕೊಬ್ಬರಿ ಮಂಡಿಯವರು ವಜಾ ಹೆಚ್ಚು ಹಿಡಿಯುತ್ತಾರೆ ಅಂತ ರೈತರು ಕೊಟ್ಟ ಅರ್ಜಿಗಳಿಗೆ ಕಚೇರಿಯಲ್ಲಿ ಉತ್ತರ ಬರೆಯುತ್ತಿದ್ದವನು ಯಾರು ಅಂತ ಕೇಳಬೇಡಿ. ಸಾಬರದ್ದೇನೂ ತಪ್ಪಿಲ್ಲ, ಮೂವತ್ತು ವರ್ಷ ನಿವ್ವಳ ಕೂಗಿದ ಬಾಯಿ, ಹಲಗೆ ಮೇಲೆ ಏನು ನಿಂತರೂ ನಿವ್ವಳವನ್ನೇ ಕೂಗುತ್ತದೆ.

ಮೇಟ್ರನ್ ಕಣ್ಣೊರೆಸಿಕೊಂಡು ಪಾರ್ವತಿಯನ್ನು ಒಳಗೆ ಕರೆದರು. ನನ್ನನ್ನೂ ಬರಹೇಳಿದರು. "ತೂಕ ಆತು. ಆದ್ರೆ ಈ ಕೈಯಲ್ಲಿ ಶಕ್ತಿ ಐತೇನಮ್ಮ? ನಮ್ಮ ಕೆಲಸ ಎತ್ತೋದು, ಇಳಿಸೋದು, ಹೊರಳಿಸೋದು. ಯಾಕೆ ಬೇಕು ನಿಂಗಿದು?" ಪಾರ್ವತಿ ಅಪ್ಪನ ಮಾತು ಹೇಳಿದಳು, ಎಂಟು ತಿಂಗಳ ಮಾತು ಹೇಳಿದಳು, ತೂಕಕ್ಕಾಗಿ ಎರಡು ತಿಂಗಳು ಉಣ್ಣಿಸಿದ್ದನ್ನೂ ಹೇಳಿದಳು. "ಎತ್ತಬೇಕಾಗಿಲ್ಲ ಮೇಡಂ, ಹೊರಳಿಸಿದ್ರೆ ಸಾಕು" ಅಂದಳು. ಮೇಟ್ರನ್ ಕೋಣೆಯ ಮೂಲೆಯ ಮಂಚ ತೋರಿಸಿ, "ಎಲ್ಲಿ, ಮಾಡಿ ತೋರ್ಸು" ಅಂದರು. "ಯಾರನ್ನ ಮಲಗಿಸ್ಲಿ?" ಅವರಿಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು.

ಮಲಗಿದೆ. ಮಾವನ ತುಪ್ಪ, ಮಾರಿಕಣಿವೆ ಮೀನು, ಕುರಿ ತೊಡೆ ಸಮೇತ ಮಲಗಿದೆ. ಮಂಚ ಕಿರ್ ಅಂದಿತು. ಪಾರ್ವತಿ ನನ್ನ ಆಚೆ ಕೈಯನ್ನು ಎದೆ ಮೇಲಿಟ್ಟಳು, ಆಚೆ ಕಾಲನ್ನು ಈಚೆ ಕಾಲ ಮೇಲೆ ಹಾಕಿದಳು, ಒಂದು ಅಂಗೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ ಕೊಟ್ಟು, ಮೆಲ್ಲಗೆ ಎಳೆದುಕೊಂಡಳು. ನಾನು ಹೊರಳಿಬಿಟ್ಟೆ! ನನಗೇ ಗೊತ್ತಾಗಲಿಲ್ಲ. ಬೆನ್ನ ಹಿಂದೆ ದುಪ್ಪಟಿ ಸುತ್ತುವ ಸದ್ದು, ಹೊಸ ದುಪ್ಪಟಿಯ ತಂಪು. "ಈಗ ಈ ಕಡೆ" ಅಂತ ಕಿವಿ ಹತ್ತಿರ ಹೇಳಿದಳು, ಅಪ್ಪನಿಗೆ ಹೇಳುತ್ತಿದ್ದ ದನಿಯಲ್ಲೇ. ಆ ದನಿಯನ್ನು ನಾನು ಬಾಗಿಲಾಚೆ ನಿಂತು ಕೇಳಿದ್ದೆ, ಅಷ್ಟೇ. ಎಂಟು ತಿಂಗಳು ಅಪ್ಪ ಈ ಕೈಯಲ್ಲಿದ್ದರು, ಭಯಪಟ್ಟಿರಲಾರರು ಅನ್ನಿಸಿತು. ನನಗೆ ಅಳು ಬಂತು. ಮೇಟ್ರನ್ "ಏನ್ರಿ, ಎಲ್ಲಾದ್ರೂ ನೋವಾಯ್ತಾ?" ಅಂತ ಕೇಳಿದರು. ಇಲ್ಲ ಅಂದೆ. "ಎರಡು ತಿಂಗಳು ತಿಂದದ್ದು ಯಾರ ಮೈಗೆ ಹತ್ತಿದೆ ಅಂತ ಕಾಣ್ತಾ ಐತೆ. ಇಷ್ಟು ಭಾರ ಹೊರಳಿಸಿದೋಳಿಗೆ ನಾನಿನ್ನೇನು ಕೇಳ್ಲಿ?" ಅಂತ ಅವರು ಕಾಗದದ ಮೇಲೆ ಏನೋ ಬರೆದುಕೊಂಡರು.

ಸೀಟು ಸಿಕ್ಕಿತು. ಬಟ್ಟನ್ನು ಅಂಗಡಿಗೆ ಹಿಂತಿರುಗಿಸಿದೆ. ಆದಿವಾಲದ ಮಾವ ಸುದ್ದಿ ಕೇಳಿ ಬಂದು, ನಡುಮನೆಯಲ್ಲಿ ಕೂತು, "ಅಲ್ಲಕ್ಕಾ, ಹಂಗಾದ್ರೆ ನನ್ನ ತುಪ್ಪ ಎಲ್ಲಿಗೆ ಹೋತು?" ಅಂತ ಕೇಳಿದರು. ಅವ್ವ ನನ್ನ ಹೊಟ್ಟೆ ಕಡೆ ಕೈ ತೋರಿಸಿದಳು. ಮಾವ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು. ತಿಪ್ಪೇಶನಿಗೆ ಬೇರೆ ಕಡೆ ಒಳ್ಳೇ ಸಂಬಂಧ ಆದ ಮೇಲೆ ಸರಿಹೋದರು. ಹೊಳಲ್ಕೆರೆಯವರು ಆರು ತಿಂಗಳಿಗೆ ಒಂದು ದಿನ ಹೆಚ್ಚು ಕಾಯಲಿಲ್ಲ. ಮೂರು ತಿಂಗಳಾದ ಮೇಲೆ ಬಿಳಿ ಟೋಪಿ ಹಾಕಿಕೊಂಡ ಪಾರ್ವತಿಯ ಫೋಟೋ ಬಂತು. ಕಂಡೋರ ಮೈ ಮುಟ್ಟೋ ಕೆಲಸ ಅಂದಿದ್ದ ಅವ್ವ ಅದಕ್ಕೆ ಕಟ್ಟು ಹಾಕಿಸಿ, ಅಪ್ಪನ ಫೋಟೋ ಪಕ್ಕದಲ್ಲೇ ಮೊಳೆ ಹೊಡೆಸಿ, ಬಂದವರಿಗೆಲ್ಲ ತೋರಿಸುತ್ತಿದ್ದಳು. ಖಾಸಿಂ ಸಾಬರು ನೋಡಲು ಬಂದವರು, "ಯಾ ಅಲ್ಲಾ, ಈ ಬೇಟೀನ ನಾನು ಚೀಲ ಅಂತ ತೂಗಿದ್ನಲ್ಲ" ಅಂತ ಕೆನ್ನೆ ಬಡಿದುಕೊಂಡರು.

ಅವಳಿಗೆ ಬಂದ ತೂಕ ಹಾಸ್ಟೆಲಿನಲ್ಲಿ ಕರಗಿತು, ನನಗೆ ಬಂದದ್ದು ಕರಗಲಿಲ್ಲ. ಪಾರ್ವತಿ ಎರಡನೇ ವರ್ಷಕ್ಕೆ ಬಂದಾಗಿನಿಂದ ಕಾಗದದಲ್ಲಿ ಇದೇ ಪಾಠ: ಅಣ್ಣಯ್ಯ, ತೂಕ ಎಷ್ಟು, ತುಪ್ಪ ಬಿಟ್ಟೆಯಾ, ತಿಂಗಳಿಗೊಮ್ಮೆ ತೂಗಿಸಿ ಬರಿ. ಅಣ್ಣನಾದವನು ತಂಗಿಗೆ ಸುಳ್ಳು ಬರೆಯಬಾರದು. ಅದಕ್ಕೇ ನಾನು ಬೇರೆಲ್ಲೂ ಹೋಗದೆ ನೇರ ಖಾಸಿಂ ಸಾಬರ ಮಂಡಿಗೇ ಹೋದೆ. ಹಲಗೆ ಮೇಲೆ ನಿಂತೆ, ಅವರು ಗುಂಡು ಸರಿಸಿ, ಎದೆ ತುಂಬ ಉಸಿರು ತೆಗೆದುಕೊಂಡು, "ಎಪ್ಪತ್ತೂ...!" ಅಂತ ಕೂಗಿದರು. ಮೂವತ್ತು ವರ್ಷದ ಬಾಯಿ, ನಾನು ಯಾಕೆ ತಿದ್ದಲಿ? ಕಾಗದದಲ್ಲಿ ಎಪ್ಪತ್ತು ಅಂತ ಬರೆದು ಕಳಿಸಿದೆ. ವಾರದಲ್ಲೇ ಉತ್ತರ ಬಂತು. "ಅಣ್ಣಯ್ಯ, ಎಪ್ಪತ್ತು ಅಂದೆ. ಸಾಬರ ಕಾಟಾ ನನಗೂ ಗೊತ್ತು. ಚೀಲ, ಒಣಗು ಸೇರಿಸಿದರೆ ಎಪ್ಪತ್ತಮೂರು. ಒಂದಲ್ಲ ಒಂದು ದಿನ ನೀನೂ ಮಲಗುತ್ತೀಯ. ಆಗ ನಿನ್ನನ್ನು ಹೊರಳಿಸುವವಳು ನಾನೇ, ಬೇರೆ ಯಾರಿಗೂ ಬಿಡುವುದಿಲ್ಲ. ನನ್ನ ಈ ಎರಡು ಕೈ ನೆನೆಸಿಕೊಂಡು ಉಣ್ಣು."

ಜೀವನದಲ್ಲಿ ಮೊದಲ ಸಲ ನನ್ನ ಜೇಬಿಗೆ ಸೇರಬೇಕಾದ ಕಾಗದವೊಂದನ್ನು ನಾನು ಪೂರ್ತಿ ಓದಿದೆ. ಎರಡು ಸಲ ಓದಿದೆ. ಊಟಕ್ಕೆ ಕೂತಾಗ ಅವ್ವ ಮೂರನೇ ಮುದ್ದೆ ತಟ್ಟೆಗೆ ಹಾಕಲು ಬಂದಳು. ಬೇಡವ್ವಾ ಅಂದೆ. ಅವ್ವ ನಿಜವೆಂದು ನಂಬಿ ಒಳಗೆ ಹೊರಟಳು. ಬಾಗಿಲವರೆಗೆ ಹೋಗಲು ಬಿಟ್ಟು, ಆಮೇಲೆ, ಅರ್ಧ ಹಾಕು ಅಂದೆ.